ಕಾಡಂಚಿನ ಮನೆಗೆ ಎಷ್ಟು ಬೆಳಕು ಬೇಕು?

ನಿವೃತ್ತಿಯಾದ ಮೇಲೆ ಪಟ್ಟಣವನ್ನು ಬಿಟ್ಟು ಹಳ್ಳಿಯಲ್ಲಿ ಮನೆ ಕಟ್ಟಿಕೊಂಡು ಇರಬೇಕೆಂಬುದು ನಮ್ಮ ನಾಡಿನ ಅನೇಕ ವಿದ್ಯಾವಂತರ ಹಳೆಯ ಕನಸು. ಹಿಂದಿನವರು ಇದನ್ನು ವಾನಪ್ರಸ್ಥವೆಂದು ಕರೆದರು. ಈಗಿನವರು ಅದಕ್ಕೆ ನಲ್ಲಿ, ವಿದ್ಯುತ್ತು, ದೂರವಾಣಿಗಳನ್ನು ಸೇರಿಸಿಕೊಂಡಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ನಮಗೆ ಗಣಿತವನ್ನು ಕಲಿಸಿದ ಮೇಷ್ಟರೊಬ್ಬರು ಎರಡು ವರ್ಷಗಳ ಹಿಂದೆ, ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ಸೀಮೆಯಲ್ಲಿ, ಅಡಕೆ ತೋಟವೊಂದರ ಮೇಲ್ಬದಿಗೆ ಇಂತಹದೇ ಮನೆಯನ್ನು ಕಟ್ಟಿಸಿ ಪತ್ನೀಸಮೇತರಾಗಿ ಹೋಗಿ ನೆಲೆಸಿದರು. ಕಳೆದ ಮೇ ತಿಂಗಳ ಕೊನೆಯಲ್ಲಿ ಅವರಿಂದ ನಮಗೆ ಕರೆ ಬಂದಿತು. "ಅಂಗಳಕ್ಕೆ ಇನ್ನೆರಡು ದೊಡ್ಡ ದೀಪ ಹಾಕಿಸಬೇಕೆಂದಿದ್ದೇನೆ. ನೀನು ಭೌತಶಾಸ್ತ್ರದವನಲ್ಲವೇ, ಬಂದು ನೋಡು" ಎಂದರು.

ಆ ಮನೆಯ ದಿನಚರಿ ನಮ್ಮಂತಹ ಪಟ್ಟಣವಾಸಿಗಳಿಗೆ ಅಸೂಯೆ ಹುಟ್ಟಿಸುವಂತಹದು. ಬೆಳಗಿನ ಕಾಫಿಯನ್ನು ಜಗಲಿಯಲ್ಲಿ ಕುಡಿಯುವಾಗ ಹಲಸಿನ ಮರದಲ್ಲಿ ಕೆಂಜಳಿಲು ಓಡಾಡುತ್ತಿರುತ್ತದೆ. ಹತ್ತು ಗಂಟೆಯ ಹೊತ್ತಿಗೆ ಮಂಗಗಳ ಹಿಂಡು ಬಂದು ಬಾಳೆಗೊನೆಯನ್ನು ವಿಚಾರಿಸಿಕೊಂಡು ಹೋಗುತ್ತದೆ. ಮಧ್ಯಾಹ್ನ ನವಿಲು, ಸಂಜೆ ತೋಟದ ಅಂಚಿನಲ್ಲಿ ಕಾಡುಕುರಿಯ ಬೊಗಳು, ರಾತ್ರಿ ಮಾಡಿನ ಮೇಲೆ ಪುನುಗಿನ ಬೆಕ್ಕಿನ ಹೆಜ್ಜೆ. ಒಮ್ಮೆ ಕೇರೆಹಾವನ್ನು ಅಟ್ಟಿಕೊಂಡು ಬಂದ ಕಾಳಿಂಗ ಸರ್ಪವು ಅಂಗಳವನ್ನು ದಾಟಿ ಹೋಯಿತಂತೆ. ಪಶ್ಚಿಮ ಘಟ್ಟದ ಕಾಳಿಂಗವು ಒಂದು ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ನಿರ್ಣಯಿಸಿ, ನಮ್ಮ ಕನ್ನಡದ ಹೆಸರನ್ನೇ ಅದಕ್ಕೆ ಇಟ್ಟು ಓಫಿಯೋಫೇಗಸ್ ಕಾಳಿಂಗ ಎಂದು ಕರೆದುದನ್ನು ಮೇಷ್ಟರು ಬಂದವರಿಗೆಲ್ಲ ಹೇಳುವರು.

ಆದರೆ ಆ ಮನೆಯೊಡತಿಯ ಮನಸ್ಸು ಕದಡಿದ್ದಿತು. ಮನೆಯ ಎರಡು ಮೂಲೆಗಳಲ್ಲಿ ಆಗಲೇ 50 ವಾಟಿನ ಎರಡು ಎಲ್‌ಇಡಿ ದೀಪಗಳು ರಾತ್ರಿಯಿಡೀ ಉರಿಯುತ್ತಿದ್ದವು. ಹಾಗಿದ್ದೂ ಒಂದೇ ತಿಂಗಳಿನಲ್ಲಿ ಮೆಟ್ಟಿಲ ಬಳಿ ಎರಡು ಸಲ ನಾಗರಹಾವು, ಒಂದು ಸಲ ಕಟ್ಟುಹಾವು ಕಾಣಿಸಿಕೊಂಡಿದ್ದವು. "ದೀಪ ಹೆಚ್ಚು ಮಾಡಿಸಿ, ಇಲ್ಲವೇ ಶಿವಮೊಗ್ಗಕ್ಕೆ ಹಿಂದಿರುಗೋಣ" ಎಂದು ಆಕೆ ಪಟ್ಟು ಹಿಡಿದಿದ್ದರು. ಜೀವಮಾನದ ಉಳಿತಾಯವೆಲ್ಲವೂ ಆ ಗೋಡೆಗಳಲ್ಲಿದ್ದಿತು. ನಮ್ಮನ್ನು ಕರೆಸಿದುದು ಈ ಕಾರಣಕ್ಕೆ.

ನಾವು ಹೇಳಿದುದು ಇಷ್ಟೆ: ಹೊಸ ದೀಪಗಳು ಬೇಡ, ಇರುವ ಎರಡನ್ನೂ ಆರಿಸಿರಿ. ಕಾಡಿನ ಅಂಚಿನಲ್ಲಿ ಮನೆ ಕಟ್ಟುವವರೆಲ್ಲರಿಗೂ ನಾವು ಕೊಡುವ ಸಲಹೆ ಇದೇ. ಇದಕ್ಕೆ ಕಾರಣಗಳನ್ನು ಕೊಡಬೇಕಾದುದು ನಮ್ಮ ಹೊಣೆ.

ಮೊದಲು ಒಂದು ಲೆಕ್ಕ. ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಇಂದಿನ ಎಲ್‌ಇಡಿ ದೀಪವು ವಾಟಿಗೆ ಸುಮಾರು 100 ಲ್ಯೂಮೆನ್ ಬೆಳಕನ್ನು ಕೊಡುತ್ತದೆ; 50 ವಾಟಿನದು 5000 ಲ್ಯೂಮೆನ್. ಈ ಬೆಳಕು ಗೋಡೆಯಿಂದ ಮುಂದಕ್ಕೆ ಅರ್ಧಗೋಳದಲ್ಲಿ ಸಮನಾಗಿ ಹರಡುವುದೆಂದು ಇಟ್ಟುಕೊಳ್ಳೋಣ. 20 ಮೀಟರು ತ್ರಿಜ್ಯದ ಅರ್ಧಗೋಳದ ಮೇಲ್ಮೈ ಸುಮಾರು 2500 ಚದರ ಮೀಟರು. ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ಆದುದರಿಂದ 20 ಮೀಟರು ದೂರದಲ್ಲಿ ದೀಪಕ್ಕೆ ಎದುರಾಗಿರುವ ಎಲೆಯ ಮೇಲೆ 2 ಲಕ್ಸ್ ಬೆಳಕು ಬೀಳುತ್ತದೆ. ಇದು ಬಹಳ ಕಡಿಮೆಯೆಂದು ತೋರಬಹುದು. ಆದರೆ ನೆತ್ತಿಯ ಮೇಲಿನ ಹುಣ್ಣಿಮೆಯ ಚಂದ್ರನು ಕೊಡುವುದು ಹೆಚ್ಚೆಂದರೆ ಕಾಲು ಲಕ್ಸ್! ಚಂದ್ರನಿಲ್ಲದ ರಾತ್ರಿಯ ಬೆಳಕಾದರೋ ಒಂದು ಲಕ್ಸಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ದೂರದ ವರ್ಗಕ್ಕೆ ವಿಲೋಮವಾಗಿ ಬೆಳಕು ಕುಗ್ಗುತ್ತದೆಂಬ ನಿಯಮವನ್ನು ಹಿಡಿದು ಹೋದರೆ, ಈ ದೀಪವು ಹುಣ್ಣಿಮೆಗೆ ಸಮನಾಗುವುದು 56 ಮೀಟರು ದೂರದಲ್ಲಿ. ಅಂದರೆ ಒಂದೊಂದು ದೀಪವೂ ಒಂದು ಎಕರೆಗೆ ಮೀರಿದ ನೆಲದಲ್ಲಿ, ಅಮಾವಾಸ್ಯೆಯೂ ಸೇರಿದಂತೆ ಪ್ರತಿ ರಾತ್ರಿಯೂ, ಹುಣ್ಣಿಮೆಗಿಂತ ಹೆಚ್ಚಿನ ಬೆಳಕನ್ನು ಚೆಲ್ಲುತ್ತಿದ್ದಿತು. ಹಿಂದೆ ಜನರು 60 ವಾಟಿನ ಒಂದು ಬಲ್ಬನ್ನು ಜಗಲಿಯಲ್ಲಿ ಉರಿಸಿ, ಮಲಗುವಾಗ ಆರಿಸುತ್ತಿದ್ದರು. ಅದು ಕೊಡುತ್ತಿದ್ದುದು ಏಳೆಂಟು ನೂರು ಲ್ಯೂಮೆನ್. ಬೆಳಕು ಅಗ್ಗವಾದಾಗ ನಾವು ವಿದ್ಯುತ್ತನ್ನು ಉಳಿಸಲಿಲ್ಲ, ಬೆಳಕನ್ನು ಹೆಚ್ಚಿಸಿಕೊಂಡೆವು.

ಈ ಬೆಳಕಿಗೆ ಮೊದಲು ಬರುವುವು ಹುಳುಗಳು. ಅವು ಬೆಳಕಿನ ಮೋಹದಿಂದ ಬರುವುವೆಂಬುದು ಲೋಕರೂಢಿಯ ಮಾತು. 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಬೇರೆ ಕಥೆಯನ್ನು ಹೇಳುತ್ತದೆ. ವೇಗದ ಕ್ಯಾಮರಾಗಳಿಂದ ಹಾರಾಟವನ್ನು ಸೆರೆಹಿಡಿದು ನೋಡಿದಾಗ, ಪತಂಗಗಳೂ ಕೊಡತಿಹುಳುಗಳೂ ದೀಪದ ಕಡೆಗೆ ಮುಖ ಮಾಡುವ ಬದಲು ಬೆನ್ನನ್ನು ತಿರುಗಿಸುತ್ತಿದ್ದುದು ಕಂಡುಬಂದಿತು. ಇರುಳಿನಲ್ಲಿಯೂ ನೆಲಕ್ಕಿಂತ ಆಕಾಶವೇ ಹೊಳಪಾದುದು; ಬೆನ್ನನ್ನು ಹೊಳಪಿನ ಕಡೆಗೆ ಇಟ್ಟರೆ ಮೇಲು ಯಾವುದು, ಕೆಳಗೆ ಯಾವುದೆಂಬ ಅರಿವು ಹುಳುವಿಗೆ ತಪ್ಪದು. ದೀಪದ ಬಳಿ ಇದೇ ಉಪಾಯವು ಅದನ್ನು ಗಿರಕಿ ಹೊಡೆಸುತ್ತದೆ. ಪಾಪ, ಅದು ಮೋಹಕ್ಕೆ ಸಿಕ್ಕಿದ್ದಲ್ಲ, ದಿಕ್ಕು ಕೆಟ್ಟಿದ್ದು.

ಮುಂದಿನದನ್ನು ನಾವು ಮೇಷ್ಟರ ಮನೆಯಲ್ಲಿಯೇ ಕಣ್ಣಾರೆ ಕಂಡೆವು. ರಾತ್ರಿ ಎಂಟು ಗಂಟೆಗೆ ದೀಪದ ಕೆಳಗಿನ ನೆಲದಲ್ಲಿ ಪತಂಗಗಳೂ ರೆಕ್ಕೆಯ ಗೆದ್ದಲುಗಳೂ ಹಾಸಿಕೊಂಡಿದ್ದವು. ಗೋಡೆಯ ಮೇಲೆ ಏಳು ಹಲ್ಲಿಗಳು. ನೆಲದಲ್ಲಿ, ಊಟದ ಪಂಕ್ತಿಗೆ ಕುಳಿತಂತೆ, ಹದಿಮೂರು ನೆಲಗಪ್ಪೆಗಳು. ಹಾವಿಗೆ ದೀಪದಿಂದ ಆಗಬೇಕಾದುದೇನೂ ಇಲ್ಲ. ಅದು ಬರುವುದು ಕಪ್ಪೆಗಾಗಿ. ಹಾವಿನ ಭಯಕ್ಕೆಂದು ಹಚ್ಚಿದ ದೀಪವು ಹಾವಿಗೆ ಮೆಟ್ಟಿಲ ಬುಡದಲ್ಲಿಯೇ ಎಲೆ ಹಾಕಿ ಬಡಿಸುತ್ತಿದ್ದಿತು. ಅಲ್ಲದೆ, ಪ್ರಖರವಾದ ಬೆಳಕು ಇರುವೆಡೆ ನೆರಳೂ ಅಷ್ಟೇ ಗಾಢ. ಹೂಕುಂಡದ ಹಿಂದೆ, ಮೆಟ್ಟಿಲ ಸಂದಿಯಲ್ಲಿ ಏನಿದೆಯೆಂಬುದು ಬೆಳಕಿಗೆ ಒಗ್ಗಿದ ಕಣ್ಣಿಗೆ ತಿಳಿಯದು. ನಮ್ಮ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು; ಅದನ್ನು ಕೆಡಿಸಲು ಒಂದು ಕ್ಷಣ ಸಾಕು.

ಇನ್ನು ಮಿಂಚುಹುಳುಗಳ ಮಾತು. ಮುಂಗಾರಿಗೆ ಮುಂಚಿನ ಈ ವಾರಗಳಲ್ಲಿ ಮಲೆನಾಡಿನ ಮರಗಳು ಒಮ್ಮೆಲೇ ಹೊತ್ತಿ ಒಮ್ಮೆಲೇ ಆರುವ ಸೊಬಗನ್ನು ಕಂಡವರು ಮರೆಯಲಾರರು. ಅವುಗಳ ತಣ್ಣನೆಯ ಬೆಳಕಿನ ವಿಷಯದಲ್ಲಿ ಪಠ್ಯಪುಸ್ತಕಗಳು ಕೊಂಚ ಉತ್ಪ್ರೇಕ್ಷೆ ಮಾಡಿದ್ದುಂಟು: ನೂರು ಲೂಸಿಫೆರಿನ್ ಅಣುಗಳಿಗೆ 88 ಬೆಳಕಿನ ಕಣಗಳು ಹೊಮ್ಮುವುವೆಂದು 1960ರಲ್ಲಿ ಅಳೆದ ಲೆಕ್ಕವೇ ಬಹುಕಾಲ ನಿಂತಿದ್ದಿತು, 2008ರಲ್ಲಿ ಜಪಾನಿನ ವಿಜ್ಞಾನಿಗಳು ಮತ್ತೆ ಅಳೆದಾಗ ಬಂದುದು 41. ಅದಂತಿರಲಿ. ಈ ಮಿನುಗು ಅಲಂಕಾರಕ್ಕಾಗಿ ಇರುವುದಲ್ಲ. ಗಂಡು ಹಾರುತ್ತ ಮಿನುಗುತ್ತದೆ. ಹೆಣ್ಣು ಪೊದೆಯಲ್ಲಿ ಕುಳಿತು ಉತ್ತರವಾಗಿ ಮಿನುಗುತ್ತದೆ. ಎರಡು ಲಕ್ಸ್ ಬೆಳಕಿನಲ್ಲಿ ಈ ಸಂಭಾಷಣೆಯು ಸಂತೆಯಲ್ಲಿ ಆಡಿದ ಪಿಸುಮಾತಿನಂತಾಗುತ್ತದೆ. ಮನೆ ಕಟ್ಟಿದ ಮೊದಲ ವರ್ಷ, ದೀಪಗಳು ಬರುವ ಮುಂಚೆ, ಕೆಳಗಿನ ಮತ್ತಿಮರವು ತುಂಬ ಮಿನುಗುತ್ತಿದ್ದಿತಂತೆ. ನಾವು ಹೋದಾಗ ಅದು ಬರಿಯ ಮರ.

ಬಿಳಿಯ ಎಲ್‌ಇಡಿಯ ಒಡಲಿನಲ್ಲಿ ಇರುವುದು ನೀಲಿ ಬೆಳಕು. ಅದನ್ನು ಕಂಡುಹಿಡಿದ ಅಕಸಾಕಿ, ಅಮಾನೋ, ನಕಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆ ಗೌರವದಲ್ಲಿ ನಮ್ಮ ತಕರಾರಿಲ್ಲ. ಆದರೆ 450 ನ್ಯಾನೋಮೀಟರಿನ ನೀಲಿಯು 600 ನ್ಯಾನೋಮೀಟರಿನ ಕಿತ್ತಳೆಗಿಂತ ಗಾಳಿಯಲ್ಲಿ ಮೂರು ಪಟ್ಟು ಹೆಚ್ಚು ಚದರುತ್ತದೆ. ಆಕಾಶವು ಹಗಲಿನಲ್ಲಿ ನೀಲಿಯಾಗಿರುವುದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ, ಬಿಳಿಯ ದೀಪವು ಇರುಳಿನ ಆಕಾಶವನ್ನು ಹೆಚ್ಚು ಮಸುಕಾಗಿಸುತ್ತದೆ.

ಇಷ್ಟನ್ನೂ ಹೇಳಿ ಮುಗಿಸಿದಾಗ ಅಮ್ಮ ಒಂದು ಮಾತು ಹೇಳಿದರು. "ನೀನು ಲೆಕ್ಕ ಹಾಕಿ ನಾಳೆ ಊರಿಗೆ ಹೋಗುತ್ತಿ. ಬೆಳಗಿನ ಐದು ಗಂಟೆಗೆ ಬಚ್ಚಲೊಲೆಗೆ ಬೆಂಕಿ ಹಾಕಲು ಹೋಗುವವಳು ನಾನು." ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಅವರ ಮಾತು ನ್ಯಾಯವಾದುದು. ಕತ್ತಲೆಯನ್ನು ಹೊಗಳುವವರು ಕತ್ತಲೆಯಲ್ಲಿ ನಡೆಯುವವರ ಕಾಲನ್ನೂ ನೆನೆಯಬೇಕು. ಕೊನೆಗೆ ಒಪ್ಪಂದವಾಯಿತು. ಮೂಲೆಯ ದೀಪಗಳೆರಡೂ ಇಳಿದವು. ಬಚ್ಚಲಿಗೆ ಹೋಗುವ ದಾರಿಯಲ್ಲಿ ಮೊಣಕಾಲೆತ್ತರಕ್ಕೆ, ಮೇಲ್ಗಡೆ ತಗಡಿನ ಮುಚ್ಚಳವಿರುವ, 3 ವಾಟಿನ ಹಳದಿ ದೀಪವೊಂದು ಬಂದಿತು. ಅದು ಗುಂಡಿ ಒತ್ತಿದಾಗ ಮಾತ್ರ ಉರಿಯುವುದು. ಕೈಯಲ್ಲಿ ಟಾರ್ಚು, ಏಕೆಂದರೆ ಬೆಳಕು ಬೇಕಾಗಿರುವುದು ಹೆಜ್ಜೆ ಇಡುವ ಕಡೆ. ಗೋಡೆಗೆ ಒರಗಿದ್ದ ಕಟ್ಟಿಗೆಯ ರಾಶಿ, ಇಲಿಗಳ ಛತ್ರವಾಗಿದ್ದುದು, ದೂರದ ಕೊಟ್ಟಿಗೆಗೆ ಹೋಯಿತು. ಕಟ್ಟುಹಾವು ಹೆಚ್ಚಾಗಿ ಕಚ್ಚುವುದು ನೆಲದ ಮೇಲೆ ಮಲಗಿದವರನ್ನು; ಆದಕಾರಣ ಮಂಚವೂ ಸೊಳ್ಳೆಪರದೆಯೂ ಯಾವ ದೀಪಕ್ಕಿಂತಲೂ ಉತ್ತಮ ಕಾವಲು.

ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕವಿರುವ ಕಡೆ, 2022ರಲ್ಲಿ ಸುತ್ತಲಿನ ಪ್ರದೇಶವನ್ನು ಕತ್ತಲೆಯ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು; ಅಲ್ಲಿಯ ಹಳ್ಳಿಗರು ದೀಪಗಳಿಗೆ ಮುಚ್ಚಳವನ್ನೂ ಕಿಟಕಿಗಳಿಗೆ ಪರದೆಯನ್ನೂ ಹಾಕಿಕೊಂಡಿದ್ದಾರೆ. ದೂರದರ್ಶಕಕ್ಕಾಗಿ ಮಾಡಬಹುದಾದುದನ್ನು ಮಿಂಚುಹುಳುವಿಗಾಗಿ ಮಾಡಲು ಸರ್ಕಾರದ ಅಪ್ಪಣೆಯೂ ಬೇಕಿಲ್ಲ.

ಅದೇ ರಾತ್ರಿ ಮತ್ತಿಮರವು ಮತ್ತೆ ಮಿನುಗಿತೆಂದು ಬರೆದಿದ್ದರೆ ಕಥೆ ಚೆನ್ನಾಗಿರುತ್ತಿದ್ದಿತು. ಮಿನುಗಲಿಲ್ಲ, ಮಳೆ ಬಂದಿತು. ಮಿಂಚುಹುಳುವಿನ ಮರಿಗಳು ತಿಂಗಳುಗಟ್ಟಲೆ ತೇವದ ನೆಲದಲ್ಲಿ ಬಸವನಹುಳುಗಳನ್ನು ತಿಂದುಕೊಂಡು ಬೆಳೆಯಬೇಕು. ಹೋದ ವರ್ಷ ಕೂಡದ ಜೋಡಿಗಳ ಸಂತತಿ ಈ ವರ್ಷ ಎಲ್ಲಿಂದ ಬಂದೀತು? ಮುಂದಿನ ಮೇ ತಿಂಗಳಲ್ಲಿ ಎಣಿಸಿ ತಿಳಿಸುವುದಾಗಿ ಮೇಷ್ಟರು ಹೇಳಿದ್ದಾರೆ. ಶಿವಮೊಗ್ಗದ ಮಾತನ್ನು ಅಮ್ಮ ಸದ್ಯಕ್ಕೆ ಎತ್ತಿಲ್ಲ. ನಾವು ಹೊರಡುವ ಬೆಳಗ್ಗೆ, ಮೇಲಿನ ಗುಡ್ಡದಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ನಿವೃತ್ತರೊಬ್ಬರು ನಾಲ್ಕು ಮೂಲೆಗೂ 100 ವಾಟಿನ ದೀಪಗಳನ್ನು ತರಿಸಿದ್ದಾರೆಂಬ ಸುದ್ದಿ ಬಂದಿತು. ಮೇಷ್ಟರು ಒಂದು ಹಾಳೆಯನ್ನೂ ಲೇಖನಿಯನ್ನೂ ತಂದು ನಮ್ಮ ಮುಂದಿಟ್ಟು, "ಆ ಅರ್ಧಗೋಳದ ಲೆಕ್ಕ ಇದೆಯಲ್ಲ, ಅದನ್ನು ಅವರಿಗೆ ಅರ್ಥವಾಗುವ ಹಾಗೆ ಬರೆದುಕೊಡು" ಎಂದರು.