ಹಗ್ಗದಲ್ಲಿ ಬೆಳೆಯುವ ಪಚ್ಚಿಲೆ



ಸಮುದ್ರವನ್ನು ಮಾನವನಿಗೆ ಅಧೀನಗೊಳಿಸಿ, ಅದರಿಂದ ತಾಜಾ ಮಾಂಸ ದೊರಕುವಂತೆ ಮಾಡಿದ್ದನ್ನು ಅಲ್ಲಾಹನು ತನ್ನ ಅನುಗ್ರಹಗಳ ಸಾಲಿನಲ್ಲಿ ಸೇರಿಸಿದ್ದಾನೆ (ಅನ್ನಹ್ಲ್: 14). ಬಲೆಗೆ ಬೀಳುವ ಮೀನು ಸಾಲದಾದಾಗ ಬೆಳೆಸಿ ತಿನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಎಲ್ಲ ಮೀನು ಕೃಷಿಯೂ ಒಂದೇ ಅಲ್ಲ. ಸಾಕಿದ ಸಿಗಡಿಗೆ ಹಾಕುವ ತಿಂಡಿಯಲ್ಲಿ ಸಮುದ್ರದ ಮೀನಿನ ಹುಡಿಯೇ ಇರುತ್ತದೆ. ಬಡವರ ಬೂತಾಯಿ ಹುಡಿಯಾಗಿ ಸಿರಿವಂತರ ಸಿಗಡಿಯಾಗುವುದನ್ನು ಅಭಿವೃದ್ಧಿ ಎನ್ನಲು ನನಗಂತೂ ಮನಸ್ಸು ಬಾರದು. ಸಿಗಡಿ ಹೊಂಡಗಳ ಉಪ್ಪುನೀರು ಗದ್ದೆ, ಬಾವಿಗಳನ್ನು ಹಾಳುಗೆಡವಿದ ದೂರುಗಳ ಮೇಲೆ 1996ರಲ್ಲಿ ಸುಪ್ರೀಂ ಕೋರ್ಟ್ ಕಠಿಣ ತೀರ್ಪು ನೀಡಿತು. 2005ರಲ್ಲಿ ಇದಕ್ಕೆಂದೇ ಕಾನೂನೂ ಬಂತು.

ಪಚ್ಚಿಲೆಯ ಕಥೆ ಬೇರೆ. ಅದಕ್ಕೆ ತಿಂಡಿಯನ್ನೇ ಹಾಕಬೇಕಿಲ್ಲ. ನೀರನ್ನು ಒಳಗೆ ಎಳೆದು, ಅದರಲ್ಲಿರುವ ಕಣ್ಣಿಗೆ ಕಾಣದ ಸಸ್ಯಕಣಗಳನ್ನು ಸೋಸಿ ತಿಂದು ಬೆಳೆಯುತ್ತದೆ. ಗದ್ದೆ ಬೇಡ, ಹೊಂಡ ಬೇಡ, ಔಷಧಿಯೂ ಬೇಡ. ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಇದನ್ನು ಕೈಗೆತ್ತಿಕೊಂಡವರಲ್ಲಿ ಮಹಿಳೆಯರ ಸ್ವಸಹಾಯ ಗುಂಪುಗಳು ಮುಂದಿದ್ದವು. ವಿಧಾನವನ್ನು ಕಲಿಸಿದ್ದು ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ.

ಕೆಲಸ ನೋಡಿದರೆ ನಮ್ಮ ಮನೆಗೆಲಸದಂತೆಯೇ ಇದೆ. ಬಂಡೆಗಳಿಂದ ತಂದ ಸಣ್ಣ ಪಚ್ಚಿಲೆಗಳನ್ನು ಹಗ್ಗದ ಸುತ್ತ ಹರಡಿ, ಮೇಲೆ ಹತ್ತಿಯ ಸೊಳ್ಳೆಪರದೆ ಬಟ್ಟೆ ಸುತ್ತಿ ಹೊಲಿಯುತ್ತಾರೆ. ನೀರಿನಲ್ಲಿ ನೆಟ್ಟ ಬಿದಿರಿನ ಚಪ್ಪರಕ್ಕೆ ಆ ಹಗ್ಗಗಳನ್ನು ಇಳಿಬಿಡುತ್ತಾರೆ. ಕೆಲವೇ ದಿನಗಳಲ್ಲಿ ಬಟ್ಟೆ ಕೊಳೆತುಹೋಗುತ್ತದೆ. ಅಷ್ಟರಲ್ಲಿ ಪಚ್ಚಿಲೆ ತನ್ನದೇ ನೂಲಿನಿಂದ ಹಗ್ಗವನ್ನು ಕಚ್ಚಿ ಹಿಡಿದಿರುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಇಳಿಸಿದರೆ ಮೇ ತಿಂಗಳೊಳಗೆ ಕೊಯ್ಲು. ಮಳೆಗಾಲದ ಸಿಹಿನೀರು ಬಂದರೆ ಎಲ್ಲವೂ ಸತ್ತುಹೋಗುತ್ತದೆ. ನಮ್ಮ ಮುಲ್ಕಿಯ ಅಳಿವೆಯಲ್ಲೂ ಈ ಕೃಷಿಯನ್ನು ಮಾಡಿ ತೋರಿಸಲಾಗಿದೆ.

"ಇದು ಹಲಾಲೇ?" ಎಂದು ಘಟ್ಟದ ಮೇಲಿನ ಸಹೋದರಿಯರು ಕೇಳಬಹುದು. ಕರಾವಳಿಯ ನಾವು ಹೆಚ್ಚಿನವರು ಶಾಫಿಈ ಮದ್‌ಹಬ್‌ನವರು, ತಿನ್ನುತ್ತೇವೆ. ಹನಫೀ ಮದ್‌ಹಬ್‌ನಲ್ಲಿ ಜಲಚರಗಳ ಪೈಕಿ ಮೀನಿಗೆ ಮಾತ್ರ ಅನುಮತಿ. ಅವರವರು ತಮ್ಮ ಮದ್‌ಹಬ್‌ನಂತೆ ನಡೆದರಾಯಿತು, ಇದಕ್ಕಾಗಿ ನೆಂಟರ ಮನೆಯ ಊಟದಲ್ಲಿ ಚರ್ಚೆ ಬೇಡ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಹಣದ ವಿಷಯ. ಸ್ತ್ರೀ ದುಡಿದದ್ದರಲ್ಲಿ ಸ್ತ್ರೀಗೆ ಪಾಲಿದೆ ಎಂಬುದು ಕುರ್‌ಆನಿನ ಆದೇಶ (ಅನ್ನಿಸಾ: 32). ಆ ದುಡಿಮೆ ಆರಂಭಿಸಲು ಹಗ್ಗ, ಬಿದಿರು, ಬೀಜ ಬೇಕು. ಅದಕ್ಕೆ ಸಿಗುವುದು ಬ್ಯಾಂಕಿನ ಬಡ್ಡಿ ಸಾಲ. ಬಡ್ಡಿಯ ವಿರುದ್ಧ ಪ್ರವಚನ ನೀಡುವ ನಮ್ಮ ಜಮಾಅತ್‌ಗಳು ಹತ್ತು ಮಂದಿ ಮಹಿಳೆಯರ ಗುಂಪಿಗೆ ಒಂದು ಹಂಗಾಮಿನ ಮಟ್ಟಿಗೆ ಬಡ್ಡಿಯಿಲ್ಲದ ಸಾಲ ಕೊಡಲಾರವೇ? ಆರು ತಿಂಗಳಲ್ಲಿ ಬೆಳೆ ಕೈಗೆ ಬರುವ ಕೆಲಸವಿದು. ಮುಂದಿನ ಮಹಲ್ ಸಭೆಯಲ್ಲಿ ನಿಮ್ಮ ಮನೆಯ ಗಂಡಸರ ಮೂಲಕವಾದರೂ ಈ ಪ್ರಶ್ನೆ ಕೇಳಿಸಿ.

ತೊಂದರೆಯಿಲ್ಲವೆಂದಲ್ಲ. ಬೀಜಕ್ಕಾಗಿ ಬಂಡೆಗಳನ್ನು ಬರಿದು ಮಾಡಿದರೆ ಮರುವರ್ಷ ಬೀಜವಿಲ್ಲ. ಹಗ್ಗಗಳನ್ನು ಒತ್ತೊತ್ತಾಗಿ ಕಟ್ಟಿದರೆ ಯಾವುದೂ ಬೆಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ನೀರನ್ನು ಸೋಸುವ ಜೀವಿ ನೀರಿನ ಕೊಳೆಯನ್ನೂ ತನ್ನೊಳಗೆ ತುಂಬಿಕೊಳ್ಳುತ್ತದೆ. ಹೊಳೆಗೆ ನಾವು ಬಿಡುವ ಶೌಚದ ನೀರು, ಎಸೆಯುವ ಕೋಳಿ ತ್ಯಾಜ್ಯ ಪಚ್ಚಿಲೆಯ ಹೊಟ್ಟೆ ಸೇರಿ ನಮ್ಮ ತಟ್ಟೆಗೇ ಬರುತ್ತದೆ. ಆದ್ದರಿಂದ ಕೊಯ್ದ ಪಚ್ಚಿಲೆಯನ್ನು ಶುದ್ಧ ಉಪ್ಪುನೀರಿನಲ್ಲಿ ಒಂದು ದಿನ ಇಟ್ಟು ಮಾರುವುದು ಸರಿಯಾದ ಕ್ರಮ. ಕೊಳ್ಳುವಾಗ ಎಲ್ಲಿಯದೆಂದು ವಿಚಾರಿಸಿ. ಬೇಯಿಸಿದಾಗ ಬಾಯಿ ತೆರೆಯದ ಚಿಪ್ಪುಗಳಿದ್ದರೆ ಮುಲಾಜಿಲ್ಲದೆ ಎಸೆದುಬಿಡಿ.