ಹಿಂದಿನ ಕಾರಿನಲ್ಲಿ ಕೂತವರು

ಹೋದ ತಿಂಗಳು ನಮ್ಮ ಕಾಲೇಜು ಕ್ಯಾಂಟೀನಿನಲ್ಲಿ ಒಂದು ಜಗಳವಾಯಿತು. ಜಗಳವೆಂದರೆ ಹೊಡೆದಾಟವೇನಲ್ಲ, ಎರಡು ಕಟಿಂಗ್ ಚಹಾ ತಣ್ಣಗಾಗುವಷ್ಟು ಮಾತು. ನವಿ ಮುಂಬಯಿಯ ಕಬೀರ್ ರಾಚೂರೆ ಸೈಕಲ್ಲಿನಲ್ಲಿ ಅಮೆರಿಕವನ್ನು ದಾಟಿದ ಸುದ್ದಿ ನಿಮಗೂ ಗೊತ್ತಿರಬಹುದು. 2019ರಲ್ಲೊಮ್ಮೆ, 2022ರಲ್ಲಿ ಮತ್ತೊಮ್ಮೆ. ವೃತ್ತಿಯಿಂದ ವಕೀಲರು, ಸೈಕಲ್ ಅವರ ಹೊಟ್ಟೆಪಾಡಲ್ಲ. "ದೇಶದ ಕೀರ್ತಿ ಕಣೋ" ಅಂದ ಒಬ್ಬ. "ದುಡ್ಡಿದ್ದವರ ಹುಚ್ಚು" ಅಂದ ಇನ್ನೊಬ್ಬ. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿ, "ನೀನು ಸೈಕಲ್ ತುಳಿಯೋನಲ್ವೇನೋ, ನೀನೇ ಹೇಳು" ಅಂದರು. ಅವತ್ತು ನನ್ನ ಬಾಯಿಂದ ಮಾತು ಬರಲಿಲ್ಲ. ಈಗ ಬರೆಯುತ್ತಿದ್ದೇನೆ, ಸಂಪಾದಕರು ಹಾಳೆ ಕೊಟ್ಟಿದ್ದಾರಲ್ಲ!

ಮಿತ್ರರೇ, ಮೊದಲು ಆ ಸ್ಪರ್ಧೆ ಏನು ಅಂತ ನೋಡೋಣ. ಸೈಕಲ್ ರೇಸು ಅಂದರೆ ನಮಗೆಲ್ಲ ನೆನಪಾಗುವುದು ಫ್ರಾನ್ಸಿನ ಟೂರ್ ಡಿ ಫ್ರಾನ್ಸ್. 1903ರಲ್ಲಿ ಶುರುವಾದದ್ದು. ಮೂರು ವಾರ, ದಿನಕ್ಕೊಂದು ಹಂತ. ಸಂಜೆಯಾದರೆ ಗಡಿಯಾರ ನಿಲ್ಲುತ್ತದೆ. ಊಟ, ಮಾಲೀಷು, ನಿದ್ದೆ. ಮರುದಿನ ಮತ್ತೆ ಶುರು. ಎಲ್ಲ ದಿನಗಳ ಸಮಯವನ್ನು ಕೂಡಿಸಿ, ಕಡಿಮೆ ಇದ್ದವನು ಗೆದ್ದ. ಕಬೀರ್ ಹೋದ 'ರೇಸ್ ಅಕ್ರಾಸ್ ಅಮೆರಿಕ'ದಲ್ಲಿ ಈ ಹಂತಗಳೇ ಇಲ್ಲ. ಕ್ಯಾಲಿಫೋರ್ನಿಯಾದ ಓಷನ್‌ಸೈಡಿನಲ್ಲಿ ಗಡಿಯಾರ ಶುರುವಾದರೆ, ಆ ವರ್ಷಗಳಲ್ಲಿ, ಅದು ನಿಲ್ಲುತ್ತಿದ್ದದ್ದು ಪೂರ್ವ ತೀರದ ಅನಾಪೊಲಿಸ್‌ನಲ್ಲಿ. ನಡುವೆ ಸುಮಾರು 4,900 ಕಿಲೋಮೀಟರ್. ಮರುಭೂಮಿ, ರಾಕಿ ಪರ್ವತದಲ್ಲಿ ಹತ್ತು ಸಾವಿರ ಅಡಿ ಮೀರಿದ ಘಟ್ಟ, ಕಾನ್ಸಾಸ್‌ನ ಮುಗಿಯದ ಬಯಲು, ಕೊನೆಗೆ ಅಪಲೇಷಿಯನ್ ಗುಡ್ಡಗಳು. ಒಂಟಿ ಸವಾರನಿಗೆ ಕೊಡುವುದು ಹನ್ನೆರಡು ದಿನ. ನೀವು ಮಲಗಿದ ಹೊತ್ತೂ ಆ ಲೆಕ್ಕದಲ್ಲೇ.

2019ರಲ್ಲಿ ಕಬೀರ್ ತೆಗೆದುಕೊಂಡದ್ದು 11 ದಿನ 22 ಗಂಟೆ 43 ನಿಮಿಷ. ನಾನು ಕೂಡಿಸಿ ಕಳೆದು ನೋಡಿದೆ. ಉಳಿದದ್ದು ಒಂದು ಗಂಟೆ ಹದಿನೇಳು ನಿಮಿಷ. ನಮ್ಮ ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಸಿಎಸ್‌ಎಂಟಿಗೆ ಹೋಗಿ ಇಳಿಯುವಷ್ಟು ಹೊತ್ತು! ಇನ್ನೊಂದು ಲೆಕ್ಕ ಕೇಳಿ. ನಿದ್ದೆ ಊಟ ಎಲ್ಲ ಸೇರಿಸಿದರೆ ಸರಾಸರಿ ಗಂಟೆಗೆ ಹದಿನೇಳು ಕಿಲೋಮೀಟರ್. ಹಾಲಿನವನೂ ಬೆಳಗಿನ ಹೊತ್ತು ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಹೋಗುತ್ತಾನೆ. ಕಷ್ಟ ಇರುವುದು ವೇಗದಲ್ಲಿ ಅಲ್ಲ, ಹನ್ನೆರಡು ದಿನ ನಿಲ್ಲದೆ ಇರುವುದರಲ್ಲಿ.

ನಿಲ್ಲದೆ ಇರುವುದು ಒಬ್ಬನಿಂದ ಆಗುವ ಕೆಲಸವೇ? ಆ ಸ್ಪರ್ಧೆಯ ನಿಯಮವೇ ಆಗದು ಅನ್ನುತ್ತದೆ. ಜೊತೆಗೆ ತಂಡ ಇರಲೇಬೇಕು. ಕತ್ತಲಾದ ಮೇಲೆ ಸವಾರನ ಬೆನ್ನಿಗೇ ಕಾರು ಬರಬೇಕು. ಅದರ ದೀಪದ ಬೆಳಕಿನಲ್ಲಿ ಅವನು ತುಳಿಯಬೇಕು. ದಾರಿ ಹೇಳುವವರು ಅವರು, ಬಾಟಲಿ ಕೊಡುವವರು ಅವರು, ಈಗ ಒಂದು ಗಂಟೆ ಮಲಗು ಅನ್ನುವವರೂ ಅವರು, ಏಳು ಅಂತ ಎಬ್ಬಿಸುವವರೂ ಅವರು. ಬಹಳ ದೂರ ತುಳಿದವರ ಕತ್ತಿನ ಸ್ನಾಯು ಸೋತು ತಲೆ ಎತ್ತಿ ಹಿಡಿಯಲಾಗದೆ ಹೋಗುವುದುಂಟು. 1983ರಲ್ಲಿ ಮೈಕೆಲ್ ಶರ್ಮರ್ ಎಂಬ ಸವಾರನಿಗೆ ಹಾಗಾಗಿ, ಆ ಬೇನೆಗೆ ಅವನ ಹೆಸರೇ ನಿಂತಿದೆ. ಆಗ ತಲೆಗೆ ಆಸರೆ ಕಟ್ಟಿಕೊಡುವುದೂ ತಂಡದ ಕೈಗಳೇ. ನಾಲ್ಕು ರಾತ್ರಿ ಕಳೆದ ಮೇಲೆ ಸವಾರನಿಗೆ ಇಲ್ಲದ್ದು ಕಾಣುತ್ತದಂತೆ. ಕಾರಿನವರಿಗೆ ಹಾಗೆ ಕಾಣುವಂತಿಲ್ಲ, ಅವರು ಎಚ್ಚರ ಇರಬೇಕು. 2019ರಲ್ಲಿ ಕಬೀರ್ ಅವರ ತಂಡವನ್ನು ನಡೆಸಿದವರು ಅವರ ಅಕ್ಕ, ಸಪನಾ ರಾಚೂರೆ.

ಈ ಒಂದು ಸಾಲನ್ನು ಓದಿದಾಗಲೇ ನನಗೆ ಕ್ಯಾಂಟೀನಿನಲ್ಲಿ ಮಾತು ಹೊರಡದೆ ಹೋದದ್ದು. ಕಾರಣ ಹೇಳುತ್ತೇನೆ, ಸ್ವಲ್ಪ ನಾಚಿಕೆಯ ವಿಷಯ.

ಹೋದ ಚಳಿಗಾಲ ನಾನು ಇನ್ನೂರು ಕಿಲೋಮೀಟರಿನ ಬ್ರೆವೆಗೆ ಹೆಸರು ಕೊಟ್ಟಿದ್ದೆ. ಇದು ರೇಸಲ್ಲ, ಹದಿಮೂರೂವರೆ ಗಂಟೆಯೊಳಗೆ ಮುಗಿಸಿದರೆ ಆಯಿತು. ನಡುನಡುವೆ ಕಂಟ್ರೋಲ್ ಅಂತ ಜಾಗಗಳಿರುತ್ತವೆ, ಅಲ್ಲಿ ಕಾರ್ಡಿಗೆ ಠಸ್ಸೆ. ಅಲ್ಲಿ ಬಿಟ್ಟು ಬೇರೆಲ್ಲೂ ಹೊರಗಿನವರ ಸಹಾಯ ಪಡೆಯುವ ಹಾಗಿಲ್ಲ. ಬೆಳಿಗ್ಗೆ ಆರಕ್ಕೆ ಥಾಣೆಯಿಂದ ಹೊರಟು, ನಾಸಿಕ್ ರಸ್ತೆಯಲ್ಲಿ ಇಗತ್ಪುರಿಯ ಹತ್ತಿರ ತಿರುಗಿ ವಾಪಸ್ಸು. ನನ್ನದು ಸೆಕೆಂಡ್ ಹ್ಯಾಂಡ್ ಸೈಕಲ್. ಪಡಘಾ ಹತ್ತಿರವೇ ಮೊದಲ ಪಂಕ್ಚರ್ ಆಗಿ ಇದ್ದ ಒಂದು ಟ್ಯೂಬೂ ಖರ್ಚಾಯಿತು. ಮನೆಗೆ ಫೋನ್ ಮಾಡಿ, "ಇನ್ನೊಂದು ಟ್ಯೂಬ್ ಬೇಕಾಗಬಹುದು, ಕಸಾರಾದ ಕಂಟ್ರೋಲ್ ಹತ್ತಿರ ಯಾರಾದರೂ ತಂದುಕೊಟ್ಟರೆ..." ಅಂದೆ. ಯಾರಾದರೂ ಅಂದರೆ ಯಾರು? ಅಪ್ಪ ಇಲ್ಲ. ಅವ್ವನಿಗೆ ಮಂಡಿನೋವು.

ಕಸಾರಾ ಘಟ್ಟದ ಬುಡಕ್ಕೆ ಸೈಕಲ್ ತಳ್ಳಿಕೊಂಡು ಹೋದಾಗ (ಅಷ್ಟರಲ್ಲಿ ಎರಡನೆಯದೂ ಆಗಿತ್ತು) ಧಾಬಾದ ಹೊರಗೆ ಅಕ್ಕ ನಿಂತಿದ್ದಳು. ಸೈಕಲ್ ಅಂಗಡಿಯವನನ್ನು ಮನೆಗೆ ಹೋಗಿ ಎಬ್ಬಿಸಿ, ಕಸಾರಾ ಲೋಕಲ್ ಹಿಡಿದು ಬಂದಿದ್ದಾಳೆ. "ಮೊದಲ ನೀರ ಕುಡಿ. ಟ್ಯೂಬ್ ಯಾವ ಸೈಜಿಂದು ಅಂತ ಹೇಳಲೇ ಇಲ್ಲಲ್ಲೋ ನೀ, ಎರಡೂ ತಂದೀನಿ" ಅಂದಳು. ಡಬ್ಬಿಯಲ್ಲಿ ಚಪಾತಿ, ಶೇಂಗಾ ಚಟ್ನಿ. ತಿಂದೆ, ಟ್ಯೂಬ್ ಹಾಕಿದೆ, ಹೊರಟೆ. ಒಂದು ಮಾತೂ ಆಡಲಿಲ್ಲ. ರಾತ್ರಿ ಎಂಟು ಹತ್ತಕ್ಕೆ ಥಾಣೆ ಮುಟ್ಟಿದೆ, ನಲವತ್ತು ನಿಮಿಷ ತಡ. ಕಾರ್ಡು ಹೋಯಿತು. ಆದರೂ ಮರುದಿನ ಕಾಲೇಜಿನಲ್ಲಿ, "ಒಬ್ಬನೇ ಇನ್ನೂರು ಹೊಡೆದೆ" ಅಂತ ಕೊಚ್ಚಿಕೊಂಡೆ. ಆ ಭಾನುವಾರ ಅಕ್ಕನಿಗೆ ಮುಕ್ತ ವಿಶ್ವವಿದ್ಯಾಲಯದ ಸಂಪರ್ಕ ತರಗತಿ ಇತ್ತು ಅಂತ ತಿಳಿದದ್ದು ವಾರದ ಮೇಲೆ, ಅದೂ ಅವ್ವನ ಬಾಯಿಂದ. "ಸೈಕಲ್ಲು ಇವಂದು, ಓಟ ಮಾತ್ರ ಅಕಿದು" ಅಂತ ಅವ್ವ ನಕ್ಕಳು. ಅಪ್ಪ ತೀರಿಕೊಂಡಾಗ ಬಿ.ಎ. ಎರಡನೇ ವರ್ಷಕ್ಕೇ ಬಿಟ್ಟವಳು ಅಕ್ಕ. ನಾನು ಈಗ ಕೂತಿರುವ ಈ ಕಾಲೇಜಿನ ಫೀಸು ಕಟ್ಟುವವಳೂ ಅವಳೇ.

ಹಾಗಾಗಿ 'ದೇಶದ ಕೀರ್ತಿ' ಅಂದವನಿಗೆ ನನ್ನ ಮಾತು ಇದು. ಇಂಥ ಸ್ಪರ್ಧೆಗೆ ದೇಶ ಕಳಿಸುವುದಿಲ್ಲಪ್ಪಾ, ಮನೆ ಕಳಿಸುತ್ತದೆ. ವೀಸಾ, ಟಿಕೀಟು, ಕಾರಿನ ಬಾಡಿಗೆ, ರಜೆ, ಎಲ್ಲ ಯಾರದೋ ಲೆಕ್ಕದಿಂದ ಕಳೆಯುತ್ತದೆ. ಮುಗಿಸಿ ಬಂದರೆ ನಾವು ಧ್ವಜ ಹಿಡಿದು ಎದುರುಗೊಳ್ಳುತ್ತೇವೆ. ಮುಗಿಸದಿದ್ದರೆ? ನಮ್ಮ ಬೆಂಗಳೂರಿನ ಸಮೀಮ್ ರಿಜ್ವಿ 2010ರಲ್ಲೇ ಒಂಟಿಯಾಗಿ ಆ ರೇಸಿಗೆ ಇಳಿದ ಮೊದಲ ಭಾರತೀಯ. ಕಾಲಮಿತಿಯೊಳಗೆ ಮುಗಿಸಿದವರ ಪಟ್ಟಿಗೆ ಅವರು ಸೇರಲಿಲ್ಲ. 2017ರಲ್ಲಿ ಶ್ರೀನಿವಾಸ್ ಗೋಕುಲನಾಥ್, ಅಮಿತ್ ಸಮರ್ಥ್ ಇಬ್ಬರೂ ಮುಗಿಸಿದಾಗ ಪತ್ರಿಕೆಗಳು ಅವರನ್ನು ಎತ್ತಿ ಕುಣಿದವು, ಕುಣಿಯಬೇಕಾದದ್ದೇ. ರಿಜ್ವಿ ಎಷ್ಟು ಜನಕ್ಕೆ ನೆನಪಿದ್ದಾರೆ? ಅವರ ಕಾರಿನಲ್ಲಿ ನಿದ್ದೆಗೆಟ್ಟವರಂತೂ ಬಿಡಿ.

'ದುಡ್ಡಿದ್ದವರ ಹುಚ್ಚು' ಅಂದವನ ಮಾತಿನಲ್ಲಿ ನಿಜ ಇದೆ. ಭಾನುವಾರ ಬೆಳಿಗ್ಗೆ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲೋ ಥಾಣೆಯ ಯೇವೂರ್ ಗುಡ್ಡದಲ್ಲೋ ಲಕ್ಷ ದಾಟಿದ ಸೈಕಲ್ಲುಗಳು ಸಾಲಾಗಿ ಹೋಗುವುದನ್ನು ನೋಡಿದರೆ ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಸೈಕಲ್ ಓಟ ಶ್ರೀಮಂತರ ಸ್ವತ್ತಲ್ಲ. ಸ್ವಾತಂತ್ರ್ಯಕ್ಕೂ ಮುಂಚಿನಿಂದ ನಡೆದುಬಂದ ಮುಂಬಯಿ-ಪುಣೆ ರೇಸಿನಲ್ಲಿ ಬೋರ್ ಘಾಟನ್ನು ಮೊದಲು ಹತ್ತಿದವನಿಗೆ 'ಘಾಟಾಚಾ ರಾಜಾ' ಅಂತ ಬಿರುದು. ಆ ಬಿರುದಿಗೆ ಕಾಲು ಬೇಕು, ಬಂಗಲೆ ಬೇಕಿಲ್ಲ. ನಮ್ಮ ಊರಿನ ಕಡೆ, ವಿಜಾಪುರ ಬಾಗಲಕೋಟೆಗಳಲ್ಲಿ, ರೈತರ ಮಕ್ಕಳು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ದುಡ್ಡಿನ ಪ್ರಶ್ನೆ ಕೇಳಲೇಬೇಕು, ಒಪ್ಪಿದೆ. ಅದರ ಜೊತೆ ಇನ್ನೊಂದನ್ನೂ ಕೇಳಬೇಕು: ಯಾರ ಸಮಯದಲ್ಲಿ?

ಅಮಿತ್ ಸಮರ್ಥ್ ನಾಗಪುರದ ಡಾಕ್ಟರು. 2018ರಲ್ಲಿ ಅವರು ರಷ್ಯಾಕ್ಕೆ ಹೋಗಿ ಮಾಸ್ಕೋದಿಂದ ವ್ಲಾಡಿವೊಸ್ಟೋಕ್ ತನಕ ತುಳಿದರು. ಸುಮಾರು 9,100 ಕಿಲೋಮೀಟರು, ಹದಿನೈದು ಹಂತ. ಇಲ್ಲಿ ಹಂತಗಳಿವೆ, ನಡುವೆ ವಿಶ್ರಾಂತಿ ಉಂಟು. ನಾನು ಇದನ್ನು ಓದುತ್ತ ಯೋಚಿಸಿದ್ದು, ಆ ವಿಶ್ರಾಂತಿ ಯಾರಿಗೆ? ಸವಾರ ಸೈಕಲ್ ಇಳಿದು ಕಣ್ಣು ಮುಚ್ಚಿದ ಹೊತ್ತೇ ಉಳಿದವರ ಕೆಲಸ ಏರುವ ಹೊತ್ತು. ಬಟ್ಟೆ ಒಗೆಯಬೇಕು, ಚೈನ್ ತಿಕ್ಕಬೇಕು, ಬೇಯಿಸಬೇಕು, ಮುಂದಿನ ದಾರಿ ನೋಡಬೇಕು. ಡೊಂಬಿವಲಿ, ಕಲ್ಯಾಣದ ಎಷ್ಟೋ ಮನೆಗಳಲ್ಲಿ ದಿನಾ ನಡೆಯುವುದು ಇದೇ ಅಲ್ಲವೇ? ರಾತ್ರಿಯ ಫಾಸ್ಟ್ ಲೋಕಲ್ಲಿನಿಂದ ಇಳಿದು ಬಂದವನ ಹಂತ ಮುಗಿಯಿತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಡಬ್ಬಿ ಕಟ್ಟುವವರ ಗಡಿಯಾರ ಎಲ್ಲಿ ನಿಲ್ಲುತ್ತದೆ?

ಸಂಘದವರಲ್ಲಿ ಒಂದು ಕೇಳಿಕೆ. ಪ್ರತಿ ವಾರ್ಷಿಕೋತ್ಸವದಲ್ಲಿ ನಾವು ಯಾರಿಗಾದರೂ ಶಾಲು ಹೊದಿಸುತ್ತೇವೆ. ಆಟಗಾರರನ್ನು ಕರೆಯುವುದಾದರೆ ಅವರ ಜೊತೆ ಕೂತವರನ್ನೂ ಕರೆಯಿರಿ, ಸಭೆಯ ಮುಂದಿನ ಸಾಲಿಗಲ್ಲ, ವೇದಿಕೆಗೆ. ಭಾಷಣ ಅವರೇ ಮಾಡಲಿ. ಸವಾರನ ಭಾಷಣದಲ್ಲಿ ಗುಡ್ಡ, ಗಾಳಿ, ಛಲ ಇಷ್ಟೇ ಇರುತ್ತದೆ, ನಾನೇ ಮಾಡಿ ನೋಡಿದ್ದೇನೆ. ಕಾರಿನವರಿಗೆ ಹೇಳಲು ಹೆಚ್ಚಿರುತ್ತದೆ: ಯಾವ ರಾತ್ರಿ ಬಿಟ್ಟುಬಿಡೋಣ ಅಂದದ್ದು ಯಾರು, ತುಳಿ ಅಂದದ್ದು ಯಾರು.

ಮುಂದಿನ ಬ್ರೆವೆಯ ಫಾರ್ಮು ಬಂದಿದೆ. ಅದರಲ್ಲಿ 'ತುರ್ತು ಸಂಪರ್ಕ' ಅಂತ ಒಂದು ಗೆರೆ. ಹೋದ ಸಲ ಕೇಳದೇ ಅಕ್ಕನ ನಂಬರು ಬರೆದಿದ್ದೆ. ಈ ಸಲ ಕೇಳಿದೆ.

"ಯಾವತ್ತೈತಿ?"

"ಈ ಭಾನುವಾರ ಬಿಟ್ಟು ಮುಂದಿಂದು."

"ಅವತ್ತ ನನ್ನ ಪೇಪರ್ ಐತಿ, ಕಲ್ಯಾಣದಾಗ. ಫೋನ್ ಒಳಗ ಬಿಡೂದಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಬರ್ಕೋ ಬೇಕಾದ್ರ, ಪೇಪರ್ ಮುಗದ ಮ್ಯಾಲೆ ನೋಡ್ತೀನಿ" ಅಂತಲೂ ಅಂದಳು.

ಫಾರ್ಮನ್ನು ವಾಪಸ್ಸು ಕೊಟ್ಟಿದ್ದೇನೆ. ಆ ಭಾನುವಾರ ಡಬ್ಬಿ ಕಟ್ಟುವವನು ನಾನು. ಶೇಂಗಾ ಚಟ್ನಿ ಪರವಾಗಿಲ್ಲ. ಚಪಾತಿ ಇನ್ನೂ ದುಂಡಗೆ ಬರುತ್ತಿಲ್ಲ.