ಭಾರ ಏರದ ದಿನಗಳು

ಕಳೆದ ವರ್ಷ ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬ ಭಾರ ಎತ್ತುವ ಅಭ್ಯಾಸಕ್ಕೆ ತೊಡಗಿದ. 20 ಕಿಲೋ ತೂಕದ ಬರಿಯ ಸರಳನ್ನು ಹೆಗಲ ಮೇಲಿಟ್ಟು ಬಸ್ಕಿ ಹೊಡೆಯಲಾರಂಭಿಸಿದವನು ಎರಡು ತಿಂಗಳಲ್ಲಿ 40 ಕಿಲೋ ಮುಟ್ಟಿದ. ಅವನ ನಡಿಗೆಯೇ ಬದಲಾಯಿತು. ಆದರೆ ಅಲ್ಲಿಂದ ಮೂರು ವಾರ ಕಳೆದರೂ 45 ಕಿಲೋ ಮಾತ್ರ ಏಳಲಿಲ್ಲ. ಒಂದು ಸಂಜೆ ನಮ್ಮ ಬಳಿ ಬಂದು, "ಸಾರ್, ನನ್ನ ಮೈ ಇಷ್ಟಕ್ಕೇ ಇರೋದು. ಬಿಟ್ಟುಬಿಡ್ತೀನಿ, ಇಲ್ಲಾಂದ್ರೆ ಪೇಟೆಯಿಂದ ಪುಡಿ ಡಬ್ಬಿ ತರಿಸ್ತೀನಿ" ಎಂದ. ಆ ಡಬ್ಬಿಯ ಬೆಲೆ, ಅವನ ತಂದೆ ಕಡಲೆಕಾಯಿ ಮಾರಿ ಮುಂದಿನ ಬಿತ್ತನೆಗೆಂದು ತೆಗೆದಿರಿಸಿದ್ದ ಹಣದಿಂದ ಬರಬೇಕಾಗಿತ್ತು.

ಅವನು ಕಂಡ ಎರಡು ದಾರಿಗಳೂ ತಪ್ಪು ಎಂದು ನಾವು ಆಗಲೇ ಹೇಳಿದೆವು. ಅದನ್ನೇ ಇಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಹೇಳಬಯಸುತ್ತೇವೆ.

ಮೊದಲ ತಿಂಗಳುಗಳಲ್ಲಿ ಭಾರ ಬೇಗಬೇಗ ಏರುವುದೇಕೆ? ಆಗ ಸ್ನಾಯುಗಳು ಬೆಳೆಯುವುದು ಕಡಿಮೆ. ಇರುವ ಸ್ನಾಯುಗಳನ್ನೇ ಒಟ್ಟಾಗಿ ದುಡಿಸುವುದನ್ನು ನರಗಳು ಕಲಿಯುತ್ತವೆ. ಹೊಸದಾಗಿ ನೊಗಕ್ಕೆ ಕಟ್ಟಿದ ಹೋರಿಗಳು ಮೊದಲು ಒಂದು ಅತ್ತ, ಒಂದು ಇತ್ತ ಎಳೆಯುತ್ತವೆ. ಹೆಜ್ಜೆ ಕೂಡಿದ ಮೇಲೆ ಅವೇ ಹೋರಿಗಳು ತುಂಬಿದ ಗಾಡಿಯನ್ನು ಎಳೆಯುತ್ತವೆ. ಮೈ ಬೆಳೆದುದರಿಂದ ಆದ ಲಾಭವಲ್ಲ ಅದು, ಜೊತೆ ಕೂಡಿದ್ದರಿಂದ ಆದದ್ದು. ಆ ಲಾಭ ಮುಗಿಯುತ್ತ ಬಂದಂತೆ ಸ್ನಾಯು ನಿಜವಾಗಿಯೂ ಬೆಳೆಯಬೇಕಾಗುತ್ತದೆ. ಅದಕ್ಕೆ ಅನ್ನ ಬೇಕು, ನಿದ್ರೆ ಬೇಕು, ಕಾಲ ಬೇಕು. ಭಾರ ನಿಂತುಹೋದಾಗ ಸೋತೆವೆಂದು ತಿಳಿಯುವುದು ಸಲ್ಲದು. ಸುಲಭದ ಪಾಠ ಮುಗಿದು ಕಷ್ಟದ ಪಾಠ ಶುರುವಾಗಿದೆ, ಅಷ್ಟೇ.

ಕುಂದಾಪುರದ ಕಡೆಯ ನಮ್ಮ ಕನ್ನಡದ ಹುಡುಗ ಗುರುರಾಜ ಪೂಜಾರಿಯವರನ್ನು ನೋಡಿ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ 118 ಮತ್ತು 151, ಒಟ್ಟು 269 ಎತ್ತಿ ಕಂಚು ಪಡೆದರು. ಅಷ್ಟರಲ್ಲಿ ಅವರು 56 ಕಿಲೋ ದೇಹತೂಕದ ವರ್ಗದಿಂದ 61ರ ವರ್ಗಕ್ಕೆ ಏರಿದ್ದರೆಂಬುದೂ ನಿಜ. ಆದರೂ ಆ ಎರಡು ಪದಕಗಳ ನಡುವಿನ ನಾಲ್ಕು ವರ್ಷಗಳಲ್ಲಿ ಸ್ನ್ಯಾಚ್‌ನಲ್ಲಿ ಹೆಚ್ಚಿದ್ದು 7 ಕಿಲೋ! ದೇಶಕ್ಕೆ ಪದಕ ತಂದವರ ಲೆಕ್ಕವೇ ಹೀಗಿರುವಾಗ, ಮೂರು ವಾರಕ್ಕೆ ಕೈಚೆಲ್ಲುವುದು ಸರಿಯೇ?

ನಮ್ಮ ಆಂಧ್ರದವರೇ ಆದ ಶ್ರೀಕಾಕುಳಂ ಜಿಲ್ಲೆಯ ಕರಣಂ ಮಲ್ಲೇಶ್ವರಿಯವರು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದರು. ಒಲಿಂಪಿಕ್ಸ್‌ನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರು. ಚಿನ್ನ, ಬೆಳ್ಳಿ ಗೆದ್ದ ಇಬ್ಬರೂ ಎತ್ತಿದ್ದು 242.5 ಕಿಲೋ. ಎರಡೂವರೆ ಕಿಲೋ ಎಂದರೆ ನಮ್ಮ ಸಂತೆಯ ಚೀಲದಲ್ಲಿ ಲೆಕ್ಕಕ್ಕೇ ಬಾರದ ತೂಕ. ಭಾರ ಎತ್ತುವವರಿಗೆ ಅದು ಎಷ್ಟು ದೊಡ್ಡದೆಂಬುದನ್ನು ಇದರಿಂದ ತಿಳಿಯಬಹುದು.

ನಮ್ಮ ಹುಡುಗನನ್ನು ಕೂರಿಸಿಕೊಂಡು ವಿಚಾರಿಸಿದೆವು. ವಾರದ ಏಳು ದಿನವೂ ಅಭ್ಯಾಸ. ರಾತ್ರಿ ಹನ್ನೆರಡರ ತನಕ ಓದು, ಬೆಳಿಗ್ಗೆ ಐದಕ್ಕೆ ವ್ಯಾಯಾಮಶಾಲೆ. ಬೆಳಗಿನ ಹೊಟ್ಟೆಗೆ ಬರೀ ಚಹಾ. 40 ಆದ ಮೇಲೆ ಒಮ್ಮೆಗೇ 45. ಕಾರಣ ಹುಡುಕಲು ಬೇರೆಲ್ಲಿಗೂ ಹೋಗಬೇಕಾಗಿರಲಿಲ್ಲ.

ದೈಹಿಕ ಶಿಕ್ಷಕರೊಡನೆ ಕೂಡಿ ಒಂದು ಕ್ರಮ ಹಾಕಿಕೊಟ್ಟೆವು. ಮೊದಲ ವಾರ ಭಾರವನ್ನು 35ಕ್ಕೆ ಇಳಿಸಿ, ಬೆನ್ನು ಬಾಗದಂತೆ ಎತ್ತುವ ರೀತಿಯನ್ನು ತಿದ್ದಿಕೊಳ್ಳುವುದು. ಅನಂತರ ವಾರಕ್ಕೆ ಮೂರೇ ದಿನ ಅಭ್ಯಾಸ. ಐದು ಕಿಲೋ ಹಾರುವ ಬದಲು ಎರಡೂ ಬದಿಗೆ ಅರ್ಧರ್ಧ ಕಿಲೋ ಬಿಲ್ಲೆ. ಬಿಲ್ಲೆ ಸಿಗದಿದ್ದರೆ ಭಾರ ಹಾಗೇ ಇರಲಿ, ಐದು ಸಲ ಎತ್ತುತ್ತಿದ್ದವನು ಆರು ಸಲ ಎತ್ತಲಿ. ಅದೂ ಏರಿಕೆಯೇ. ದಿನದಿನದ ಲೆಕ್ಕವನ್ನು ನೋಟುಪುಸ್ತಕದಲ್ಲಿ ಬರೆಯುವುದು. ಹನಿಗೂಡಿದರೆ ಹಳ್ಳ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇನ್ನು ಪುಡಿಯ ಮಾತು. ಆ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಪ್ರೋಟೀನು. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ. ಹುರುಳಿಯಲ್ಲಿದೆ, ಮೊಟ್ಟೆಯಲ್ಲಿದೆ, ಹಾಲುಮೊಸರಿನಲ್ಲಿದೆ. ಅದನ್ನು ಹೊಲದಲ್ಲಿ ಬೆಳೆದು, ಮಾರಿ, ಆ ಹಣದಿಂದ ಡಬ್ಬಿ ಕೊಳ್ಳುವುದು ಯಾವ ಜಾಣತನ? ಬೇಗ ಬಲ ಬರುತ್ತದೆಂದು ಯಾರಾದರೂ ಸೂಜಿ, ಮಾತ್ರೆ ತೋರಿಸಿದರಂತೂ ಹತ್ತಿರ ಸುಳಿಯಬೇಡಿ. ಸ್ಟೀರಾಯ್ಡ್ ಎಂಬ ಆ ಮದ್ದು ಬೆಳೆಯುವ ವಯಸ್ಸಿನವರ ಎತ್ತರವನ್ನೇ ನಿಲ್ಲಿಸಬಲ್ಲದು.

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. "ಕಬ್ಬಿಣ ಎತ್ತಿದರೆ ಮಾರ್ಕ್ಸು ಬರುತ್ತದೆಯೇ?" ಎಂದು ಹಂಗಿಸಬೇಡಿ. ಬೆಳಿಗ್ಗೆ ಒಂದು ಮುದ್ದೆ ಹೊಟ್ಟೆಗೆ ಹಾಕಿ. ಈ ವಯಸ್ಸಿನವರಿಗೆ ದಿನಕ್ಕೆ ಎಂಟು ಗಂಟೆಯಾದರೂ ನಿದ್ರೆ ಬೇಕು. ರಾತ್ರಿ ದೀಪ ಆರಿಸಿ ಮಲಗಿಸಿ. ಓದಿಗೂ ಅದು ಒಳ್ಳೆಯದೇ. ತಿಳಿದವರು ಎದುರಿಗಿಲ್ಲದೆ ಮಗ ದೊಡ್ಡ ಭಾರ ಎತ್ತದಂತೆ ನೋಡಿಕೊಳ್ಳಿ. ಮಗಳು ಎತ್ತುತ್ತೇನೆಂದರೆ ತಡೆಯಬೇಡಿ, ಮಲ್ಲೇಶ್ವರಿಯವರೂ ಒಂದು ಮನೆಯ ಮಗಳೇ.

ಆ ಹುಡುಗ 45 ಕಿಲೋ ಎತ್ತಿದ್ದು ಎರಡು ತಿಂಗಳ ಮೇಲೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನೇ ನೋಟುಪುಸ್ತಕ ತಂದು ತೋರಿಸಿದ. 41, 41, 41, 42 ಎಂದು ಸಾಲಾಗಿ ಬರೆದಿದ್ದ. ಮೂರು ಸಲ ಬರೆದ ಆ 41ನ್ನು ಕಂಡು ನಮಗೆ 45ಕ್ಕಿಂತಲೂ ಹೆಚ್ಚು ಸಂತೋಷವಾಯಿತು.

ಬೀದಿಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ ಎಂದು ಎರಡು ಭಾಷೆಗಳ ನಡುವೆ ಕಲಿಯುವ ನಮ್ಮ ಮಕ್ಕಳಿಗೆ ಇಂಥ ದಿನಗಳು ಹೊಸತಲ್ಲ. ಎಷ್ಟು ಓದಿದರೂ ಮುಂದೆ ಹೋಗದ ವಾರಗಳು ವ್ಯಾಕರಣದಲ್ಲಿ ಬರುತ್ತವೆ, ಗಣಿತದಲ್ಲಿಯೂ ಬರುತ್ತವೆ. ಆಗ ಪುಸ್ತಕ ಮುಚ್ಚಿಡುವ ಮುನ್ನ, ವಿದ್ಯಾರ್ಥಿಗಳೇ, ಆ ಅರ್ಧ ಕಿಲೋ ಬಿಲ್ಲೆಯನ್ನು ನೆನೆಯಿರಿ.